ಮೊಬೈಲಿನಲ್ಲಿ ಕಾಣದ ಷರಾ

ಬಸುರಿಯರ ಆರೈಕೆ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಗೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಅವರ ಆಫೀಸು. ಕಂಪ್ಯೂಟರಿನ ಅಗಲ ಪರದೆಯ ಮೇಲೆ ಒಬ್ಬೊಬ್ಬ ಬಸುರಿಗೆ ಒಂದೊಂದು ಸಾಲು, ಸಾಲಿಗೆ ಹನ್ನೊಂದು ಕಾಲಂ. ಕೊನೆಯದು ಷರಾ. ಊರೂರು ತಿರುಗುವ ನರ್ಸುಗಳಿಗೆ ಅದನ್ನೇ ಮೊಬೈಲಿಗೆ ಹೊಂದಿಸಿ ಕೊಡಿ ಎಂದರು.

ಅಂಗೈ ಅಗಲದ ಪರದೆಯಲ್ಲಿ ಹನ್ನೊಂದು ಕಾಲಂ ಹಿಡಿಸುವುದಿಲ್ಲ. ಹೆಸರು, ಊರು, ತಿಂಗಳು, ಬಿ.ಪಿ., ಮುಂದಿನ ತಪಾಸಣೆ ಇಷ್ಟನ್ನು ಉಳಿಸಿ ಮಿಕ್ಕದ್ದನ್ನು ಮರೆಮಾಡಿದೆ. ಷರಾ ಯಾರು ಓದುತ್ತಾರೆ ಎನ್ನುವುದು ನನ್ನ ಜಾಣತನ. ಯಾವ ನರ್ಸನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು: ಅತ್ತೆ ಸ್ಕ್ಯಾನಿಂಗ್ ಬೇಡ ಅಂತಾಳೆ, ಗಂಡ ಊರಲ್ಲಿಲ್ಲ, ತವರಿಗೆ ಹೋದಳು, ಇಂಥ ಮುಖ್ಯ ಮಾತೆಲ್ಲ ಅವರು ಬರೆಯುತ್ತಿದ್ದದ್ದು ಷರಾದಲ್ಲೇ.

ಕುರುಗೋಡಿನ ಒಬ್ಬ ಸೊಸೆ ಚೊಚ್ಚಲ ಹೆರಿಗೆಗೆ ಸಿರುಗುಪ್ಪದ ತವರಿಗೆ ಹೋದಳು. ಅಲ್ಲಿಯ ನರ್ಸಿಗೆ ತಿಳಿಯಲೆಂದು ಕುರುಗೋಡಿನ ನರ್ಸು ಷರಾದಲ್ಲಿ ಬರೆದಿದ್ದರು: 'ಮಾಸು ಕೆಳಗಿದೆ, ರಕ್ತ ಹೋಗಬಹುದು. ನೋವು ಬರುವ ಮೊದಲೇ ಬಳ್ಳಾರಿ ದೊಡ್ಡಾಸ್ಪತ್ರೆಗೆ ಸೇರಿಸಿ.' ಬಸುರಿಯನ್ನು ಹೆದರಿಸಬಾರದೆಂದು ಗಂಡನ ಮನೆಯವರು ಆಕೆಗೆ ಬಿಡಿಸಿ ಹೇಳಿರಲಿಲ್ಲ. ತಪಾಸಣೆಯ ವಿವರವಿದ್ದ ಕಾರ್ಡೂ ಅಲ್ಲೇ ಉಳಿದಿತ್ತು. ಸಿರುಗುಪ್ಪದ ನರ್ಸು ಮೊಬೈಲ್ ನೋಡಿದರು, ಬಿ.ಪಿ. ಸರಿಯಿತ್ತು, ಮುಂದಿನ ವಾರ ಬರುತ್ತೇನೆಂದು ಹೊರಟರು. ಎರಡೇ ದಿನಕ್ಕೆ ರಕ್ತ ಹರಿಯಿತು. ಬಳ್ಳಾರಿ ಮುಟ್ಟುವ ಹೊತ್ತಿಗೆ ಮಗು ಹೋಗಿತ್ತು. ತಾಯಿ ಉಳಿದಳು.

ವಿಚಾರಣೆಯ ದಿನ ನಾನೂ ಆಫೀಸಿನಲ್ಲಿದ್ದೆ. ಸಂಸ್ಥೆಯ ಮುಖ್ಯಸ್ಥರು ಕಂಪ್ಯೂಟರಿನಲ್ಲಿ ಆ ಷರಾ ತೆರೆದು ಸಿರುಗುಪ್ಪದ ನರ್ಸಿಗೆ ತೋರಿಸಿದರು.

"ಇಷ್ಟು ಸ್ವಚ್ಛ ಬರದಾರ. ನಿಮ್ಮ ಕಣ್ಣಿಗಿ ಕಾಣ್ಲಿಲ್ಲೇನ್ರಿ?"

"ನನ್ನ ಫೋನಾಗ ಇದು ಇರ್ಲಿಲ್ರಿ ಸರ್. ಇದ್ದಿದ್ರ ನಾನ ಕರ್ಕೊಂಡು ಹೋಗ್ತಿದ್ದೆ."

ತಪ್ಪಿಸಿಕೊಳ್ಳಲು ಹೇಳುವ ಮಾತೆಂದೇ ಎಲ್ಲರೂ ತಿಳಿದರು. ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ಬಿಡಲಿಲ್ಲ. ನಾಳೆಯಿಂದ ಬರಬೇಡಿ ಎಂದು ಆಕೆಗೆ ಹೇಳುವುದನ್ನು ಕೇಳಿಸಿಕೊಂಡು, ಚಹಾ ಕುಡಿದು, ಸತ್ಯನಾರಾಯಣಪೇಟೆಯ ಮನೆಗೆ ಬಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಬೇರೆಯವರ ವಿಷಯದಲ್ಲಿ ಎಷ್ಟು ಸಲ ಆಡಿಕೊಂಡಿದ್ದೇನೋ. ಎರಡು ದಿನ ಹೇಳುವ ಧೈರ್ಯ ಬರಲಿಲ್ಲ. ನಾನು ಹೇಡಿ, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ.

ಮೂರನೆಯ ದಿನ ಹೋಗಿ ಒಪ್ಪಿಕೊಂಡೆ. ಮುಖ್ಯಸ್ಥರು ಆ ನರ್ಸನ್ನು ಕರೆಸಿದರು. ಆಕೆಯ ಮೊಬೈಲನ್ನೂ ಕಂಪ್ಯೂಟರನ್ನೂ ಪಕ್ಕಪಕ್ಕ ಇಟ್ಟು ಎಲ್ಲರಿಗೂ ತೋರಿಸಿದೆ.

"ಅವತ್ತ ನಿಮಗ ಗೊತ್ತಿತ್ತೇನ್ರಿ?" ಆಕೆ ಕೇಳಿದರು.

"ಗೊತ್ತಿತ್ರಿ ಅಕ್ಕಾರ."

ಆಕೆ ಬಯ್ಯಲಿಲ್ಲ. ಕೆಲಸಕ್ಕೆ ವಾಪಸ್ ಬರ್ರಿ ಎಂದ ಮುಖ್ಯಸ್ಥರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಇವರ ಮುಂದ ಹೇಳಿದ್ರ ಏನಾತು? ಕೂಸು ಕಳ್ಕೊಂಡ ಆ ಹುಡುಗಿ ಮುಂದ ಹೇಳ್ರಿ. ನಾನು ಓದಿನೂ ಸುಮ್ನಾದೆ ಅಂತ ಆಕಿ ತಿಳ್ಕೊಂಡಾಳ," ಎಂದರು.

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹಿಡಿದೆ. ತವರುಮನೆಯಲ್ಲಿ ಆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಕಾಲಂ, ಪರದೆ ಎಂದೆಲ್ಲ ಏನೋ ಹೇಳಹೋಗಿ, ಕೊನೆಗೆ ಇಷ್ಟೇ ಹೇಳಿದೆ: "ಕುರುಗೋಡಿನ ನರ್ಸು ಬರೆದಿದ್ರಮ್ಮ. ಇಲ್ಲಿಯ ನರ್ಸಮ್ಮಗ ಕಾಣದಂಗ ನಾನು ಮುಚ್ಚಿಬಿಟ್ಟಿದ್ದೆ."

ಆಕೆಯ ತಾಯಿ ಒಳಗೆ ಅಳತೊಡಗಿದಳು. ಹುಡುಗಿ ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ನರ್ಸಮ್ಮಗ ಬರಾಕ ಹೇಳ್ರಿ," ಎಂದಳು. "ಮೊನ್ನಿ ನನ್ನ ನೋಡಾಕ ಬಂದಿದ್ರು. ಬಾಗಿಲದಾಗಿಂದ ಹೊಳ್ಳಿ ಕಳಿಸೀನಿ."