ಮೆಹಬೂಬ್ ಸಾಹೇಬರನ್ನು ಬೈಯುತ್ತಿದ್ದ ಜನ

ಮೊನ್ನೆ ನನ್ನ ಹಳೇ ಸ್ಕೂಟರಿನ ಸೀಟಿಗೆ ಹೊಸ ಕವರ್ ಹಾಕಿಸೋಣವೆಂದು ಮೈಸೂರಿನ ಒಂದು ಕುಶನ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹರಿದ ರೆಕ್ಸಿನ್ ಕಿತ್ತೆಸೆದು, ಹೊಸದನ್ನು ಅಂಟಿಸುವ ಸಲ್ಯೂಷನ್ ಡಬ್ಬದ ಮುಚ್ಚಳ ತೆಗೆದರು. ಆ ವಾಸನೆ ನಿಮಗೆ ಗೊತ್ತಿರಬಹುದು. ಒಳ್ಳೆಯದೇನೂ ಅಲ್ಲ, ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ನಾನು ಮಾತ್ರ ಊದುಬತ್ತಿ ಅಂಗಡಿಗೆ ಬಂದವನ ಹಾಗೆ ಎರಡು ಸಲ ಉಸಿರೆಳೆದುಕೊಂಡೆ. ಅವರು ನನ್ನನ್ನು ಒಂದು ಥರ ನೋಡಿದರು. "ಏನಿಲ್ಲ, ನಮ್ಮ ಮ್ಯಾನೇಜರ್ ನೆನಪಾದ್ರು" ಅಂದೆ. "ಯಾವ ಬ್ಯಾಂಕು ಸಾರ್?" ಅಂದರು.

ಬ್ಯಾಂಕಲ್ಲ, ಫುಟ್‌ಬಾಲು. ತೊಂಬತ್ತರ ದಶಕದಲ್ಲಿ ಹುಣಸೂರಿನಲ್ಲಿ ನಮ್ಮದೊಂದು ಫುಟ್‌ಬಾಲ್ ತಂಡವಿತ್ತು ಎಂದರೆ ಈಗ ಹುಣಸೂರಿನವರೇ ನಂಬುವುದಿಲ್ಲ. ಅದರ ಮ್ಯಾನೇಜರು ಮೆಹಬೂಬ್ ಸಾಹೇಬರು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೀಪು, ಲಾರಿಗಳ ಸೀಟು ಹೊಲಿಯುವ ಅಂಗಡಿ ಅವರದು. ವಾರವೆಲ್ಲ ಆ ಸಲ್ಯೂಷನ್ ವಾಸನೆಯಲ್ಲಿ ಕೂತವರು ಶನಿವಾರ ಸಂಜೆ ಬಿಳೀ ಶೂ ಹಾಕಿ, ಮೀಸೆ ಬಾಚಿ, ಮದುವೆ ಗಂಡಿನ ಹಾಗೆ ಮೈದಾನಕ್ಕೆ ಬರುತ್ತಿದ್ದರು. ವಾಸನೆ ಮಾತ್ರ ಜೊತೆಗೇ ಬರುತ್ತಿತ್ತು. ವಯಸ್ಸಿನಲ್ಲಿ ಅವರೂ ಆಡಿದ್ದರಂತೆ. ಹೇಗೆ ಆಡುತ್ತಿದ್ದರು ಎಂದು ಹೇಳಲು ಅವರನ್ನು ಬಿಟ್ಟರೆ ಬೇರೆ ಸಾಕ್ಷಿ ಸಿಗುತ್ತಿರಲಿಲ್ಲ.

ನಮ್ಮ ಚೆಂಡಿನ ವಿಷಯ ಹೇಳದಿದ್ದರೆ ಸಾಹೇಬರ ಏಳುಬೀಳು ನಿಮಗೆ ಅರ್ಥವಾಗುವುದಿಲ್ಲ. ಚೆಂಡು ಬಿಚ್ಚಿಕೊಂಡಾಗಲೆಲ್ಲ ಅವರೇ ಸೀಟಿನ ದಾರದಲ್ಲಿ ಹೊಲಿಯುತ್ತಿದ್ದರು. ಹೊಲಿದೂ ಹೊಲಿದೂ ಅದಕ್ಕೆ ಒಂದು ಕಡೆ ಹೊಟ್ಟೆ ಬಂದಿತ್ತು. ನೆಟ್ಟಗೆ ಒದ್ದರೆ ಸ್ವಲ್ಪ ದೂರ ಮರ್ಯಾದೆಯಿಂದ ಹೋಗಿ ಆಮೇಲೆ ಎಡಕ್ಕೆ ತಿರುಗಿಬಿಡುತ್ತಿತ್ತು. ಅಭ್ಯಾಸ ಮಾಡುವುದೂ ಅದರಲ್ಲೇ, ಆಡುವುದೂ ಅದರಲ್ಲೇ ಆದ್ದರಿಂದ ಚೆಂಡು ಎಲ್ಲಿಗೆ ಬರುತ್ತದೆಂದು ನಮಗೆ ಮೊದಲೇ ಗೊತ್ತಿರುತ್ತಿತ್ತು. ಪಕ್ಕದ ತಾಲ್ಲೂಕು ಕೋಟೆಯ ತಂಡದವರು, ಕೆ.ಆರ್. ನಗರದವರು ನೆಟ್ಟಗೆ ಓಡಿ ಬರಿಗೈಯಲ್ಲಿ ನಿಲ್ಲುತ್ತಿದ್ದರು. ಹೀಗೆ ನಾವು ಗೆದ್ದ ಆಟಗಳೆಲ್ಲ ಸಾಹೇಬರ ತಂತ್ರವೆಂದೇ ಊರಿಗೆ ಊರೇ ನಂಬಿತ್ತು. ಸಾಹೇಬರೂ ನಂಬಿದ್ದರು.

ನಾನು ಹುಟ್ಟಿ ಬೆಳೆದದ್ದು ಹುಣಸೂರಿನಲ್ಲೇ. ಆಗ ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ, ತಂಡದಲ್ಲಿ ಎಡಗಡೆಯ ಬ್ಯಾಕ್. ಬೆರಳು ಓಡಿದಷ್ಟು ನನ್ನ ಕಾಲು ಓಡುತ್ತಿರಲಿಲ್ಲ. ಆದರೂ ಸಾಹೇಬರು ನನ್ನನ್ನು ಬಿಡಲಿಲ್ಲ. ಒಂದು ಸಲ ತಂಡಕ್ಕೆ ಸೇರಿಸಿಕೊಂಡವನನ್ನು ತೆಗೆಯುವುದು ಅವರಿಗೆ ಗೊತ್ತೇ ಇರಲಿಲ್ಲ. ಮುಂದೆ ಅವರ ಮೇಲೆ ಬಂದ ದೂರುಗಳಲ್ಲಿ ಅದೇ ದೊಡ್ಡದು.

ದೂರು ಹೇಳುವವರಲ್ಲಿ ಮೊದಲನೆಯವರು ಹನಗೋಡಿನ ಚಂದ್ರಣ್ಣ. ಹೊಗೆಸೊಪ್ಪು ಬೆಳೆಯುತ್ತಿದ್ದರು. ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸೊಪ್ಪು ಬೇಯುವಾಗ ಉರಿ ಬಿಟ್ಟು ಆಚೆ ಈಚೆ ಹೋಗುವ ಹಾಗಿಲ್ಲ, ಸ್ವಲ್ಪ ಹೆಚ್ಚು ಕಡಿಮೆಯಾದರೆ ವರ್ಷದ ಬೆಳೆ ಮಣ್ಣುಪಾಲು. ಅಂಥ ದಿನಗಳಲ್ಲೂ ಉರಿಯನ್ನು ಹೆಂಡತಿಗೆ ಒಪ್ಪಿಸಿ, ಅವರಿಂದ ಚೆನ್ನಾಗಿ ಬೈಸಿಕೊಂಡು, ಬಸ್ಸು ಹತ್ತಿ ನಮ್ಮ ಸಾಹೇಬರನ್ನು ಬೈಯಲು ಚಂದ್ರಣ್ಣ ಬರುತ್ತಿದ್ದರು. ಜಡಿಮಳೆಯಲ್ಲಿ ಕೊಡೆ ಹಿಡಿದು ಗೆರೆಯ ಪಕ್ಕ ನಿಂತು, "ಏನ್ ಸಾಹೇಬ್ರೇ, ಟೀಮ್ ಕಟ್ಟಿದ್ದೀರೋ, ಗೊಂತಿಗೆ ಎತ್ತು ಕಟ್ಟಿದ್ದೀರೋ?" ಎಂದು ಕೂಗುತ್ತಿದ್ದರು. ನನ್ನ ಮೇಲಂತೂ ಅವರಿಗೆ ವಿಶೇಷ ಪ್ರೀತಿ. "ಆ ಎಡಗಡೆಯೋನ್ನ ತೆಗ್ದು ಒಂದ್ ಗೂಟ ಹೊಡೀರಿ. ಗೂಟಕ್ಕಾದ್ರೂ ಚೆಂಡು ತಗಲಿ ವಾಪಸ್ ಬತ್ತದೆ!"

ನಮ್ಮ ಮೈದಾನದಲ್ಲಿ ಇನ್ನೊಂದು ಪದ್ಧತಿಯಿತ್ತು, ಬೇರೆಲ್ಲೂ ನಾನು ಕಂಡಿಲ್ಲ. ಅರ್ಧ ಆಟ ಮುಗಿದ ಕೂಡಲೇ ನೋಡಲು ಬಂದವರೆಲ್ಲ ಮೈದಾನದೊಳಗೆ ನುಗ್ಗಿ ನಮ್ಮ ಸುತ್ತ ನಿಲ್ಲುತ್ತಿದ್ದರು. ಸಾಹೇಬರು ಆಟಗಾರರಿಗೆ ನಿಂಬೆಹೋಳಿಗೆ ಉಪ್ಪು ಸವರಿ ಕೊಡುವಾಗ ಜನಕ್ಕೂ ಕೊಡುತ್ತಿದ್ದರು. ಅವರದೇ ನಿಂಬೆಹಣ್ಣು ಚೀಪುತ್ತ ಅವರನ್ನೇ ಬೈಯುವುದು. ಒಬ್ಬರು ಮುಂದಿನವನನ್ನು ಹಿಂದೆ ಹಾಕಿ ಎನ್ನುವರು, ಇನ್ನೊಬ್ಬರು ಎಲ್ಲರನ್ನೂ ಮನೆಗೆ ಕಳಿಸಿ ಎನ್ನುವರು. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿ, ಎಲ್ಲರಿಗೂ ಒಂದೊಂದು ಉತ್ತರ ಕೊಟ್ಟು, ಕೊನೆಗೆ ತಮಗೆ ಬೇಕಾದದ್ದನ್ನೇ ಮಾಡುತ್ತಿದ್ದರು. ನನಗೆ ರೋಸಿಹೋಗಿ ಒಂದು ದಿನ, "ಇವ್ರನ್ನೆಲ್ಲ ಯಾಕೆ ಒಳಗೆ ಬಿಡ್ತೀರಿ ಸಾಹೇಬ್ರೇ?" ಎಂದು ಕೇಳಿದ್ದೆ. "ಬೈದು ಹೇಳೋರು ಬದುಕೋಕೆ ಹೇಳ್ತಾರೆ ಕಣಪ್ಪಾ, ನಕ್ಕು ಹೇಳೋರು ಕೆಡೋಕೆ ಹೇಳ್ತಾರೆ" ಅಂದರು. ಗಾದೆ ನಮ್ಮಮ್ಮನ ಬಾಯಲ್ಲೂ ಕೇಳಿದ್ದೇ, ಹಾಗಾಗಿ ಆಗ ಅದಕ್ಕೆ ಬೆಲೆ ಕೊಡಲಿಲ್ಲ.

ಸಾಹೇಬರ ಇಳಿಗಾಲ ಶುರುವಾದದ್ದು ಪಿರಿಯಾಪಟ್ಟಣದಲ್ಲಿ. ಅಲ್ಲಿನ ಟೂರ್ನಮೆಂಟಿಗೆ ಬೈಲಕುಪ್ಪೆಯ ಟಿಬೆಟಿಯನ್ ಹುಡುಗರ ತಂಡವೂ ಬಂದಿತ್ತು. ನಡೆಸುವವರು ಹೊಸ ಚೆಂಡಿನಲ್ಲೇ ಆಡಬೇಕೆಂದರು. ಆ ಚೆಂಡು ಒದ್ದ ಕಡೆಗೆ ನೆಟ್ಟಗೆ ಹೋಗುತ್ತಿತ್ತು! ನಾವು ಹನ್ನೊಂದು ಜನ ಅಭ್ಯಾಸಬಲದಿಂದ ಎಡಕ್ಕೆ ಓಡಿ ನಿಂತೆವು, ಚೆಂಡು ಬಲಗಡೆಯಿಂದ ನಮ್ಮ ಗೋಲಿನೊಳಗೆ ನಡೆದುಕೊಂಡು ಹೋಯಿತು. ಎಷ್ಟು ಸಲ ಹೋಯಿತೆಂದು ಕೇಳಬೇಡಿ. ಅಲ್ಲಿಂದ ಮುಂದೆ ಎಲ್ಲ ಕಡೆಯೂ ಹೊಸ ಚೆಂಡೇ ಬಂತು. ಸಾಹೇಬರು ಮಾತ್ರ ಅದೇ ಆಟಗಾರರನ್ನು ಅದೇ ಜಾಗಗಳಲ್ಲಿ ನಿಲ್ಲಿಸಿದರು. ನಮಗೂ ವಯಸ್ಸಾಗುತ್ತಿತ್ತು. ಸೋಲು ಅಭ್ಯಾಸವಾಯಿತು. "ಮ್ಯಾನೇಜರ್ ಬದ್ಲಾಗ್ಬೇಕು ಬುಡಿ" ಎಂದು ಚಂದ್ರಣ್ಣ ಬಾಯಿಬಿಟ್ಟು ಹೇಳಿದ್ದು ಆಗಲೇ. ಹೇಳಿ, ಮುಂದಿನ ಶನಿವಾರ ಮತ್ತೆ ಬಸ್ಸು ಹತ್ತಿ ಬಂದರು.

ಇದೇ ಕಾಲಕ್ಕೆ ಬಸ್‌ಸ್ಟ್ಯಾಂಡಿನ ಟೀ ಹೋಟೆಲಿಗೆ ಕೇಬಲ್ ಟಿ.ವಿ. ಬಂತು, ಅದರೊಳಗೆ ಇಂಗ್ಲೆಂಡಿನ ಫುಟ್‌ಬಾಲೂ ಬಂತು. ನಮ್ಮವರೆಲ್ಲ ಒಂದು ಕೆಂಪಂಗಿ ತಂಡಕ್ಕೆ ಮರುಳಾದರು. ಅದರ ಮ್ಯಾನೇಜರ ಹೆಸರು ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಮೊಣಕಾಲಿನ ತನಕ ಕೋಟು ತೊಟ್ಟು ಮುಖ ಗಂಟಿಕ್ಕಿ ಕೂತಿರುತ್ತಿದ್ದ ಆತ ತಮ್ಮ ದೊಡ್ಡಪ್ಪನ ಹಾಗೇ ಇದ್ದಾನೆಂದು ಚಂದ್ರಣ್ಣ ಅಂದದ್ದೇ ತಡ, ಹುಣಸೂರಿಗೆಲ್ಲ ಆತ ದೊಡ್ಡಪ್ಪನಾದ.

ದೊಡ್ಡಪ್ಪನಿಗೂ ಇಳಿಗಾಲ ಬಂದಿತ್ತು. ಒಂದು ಶನಿವಾರ ನಾವು ಕೋಟೆಯವರ ಮೇಲೆ ಸೋತು, ಚಂದ್ರಣ್ಣ ಗಂಟಲು ಹರಿಯುವ ಹಾಗೆ ಸಾಹೇಬರನ್ನು ಬೈದು, ಆಮೇಲೆ ಎಲ್ಲರೂ ಸೇರಿ ಟೀ ಹೋಟೆಲಿಗೆ ಬಂದೆವು. ಬೈದವರೂ ಬೈಸಿಕೊಂಡವರೂ ಒಂದೇ ಬೆಂಚಿನಲ್ಲಿ ಕೂರುವುದು ನಮ್ಮಲ್ಲಿ ರೂಢಿ. ಟಿ.ವಿ.ಯಲ್ಲಿ ಕೆಂಪಂಗಿಯವರೂ ಸೋಲುತ್ತಿದ್ದರು. ಅಲ್ಲಿನ ಜನ ದೊಡ್ಡಪ್ಪ ತೊಲಗಲಿ ಎಂದು ಬಟ್ಟೆಯ ಮೇಲೆ ಬರೆದು ಎತ್ತಿ ಹಿಡಿದಿದ್ದರು. ಚಂದ್ರಣ್ಣನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ನೋಡ್ರಲಾ ಇವ್ರ ಯೋಗ್ತೆಯ! ಕಪ್ ತಂದಾಗ ಹೊತ್ಕೊಂಡ್ ಕುಣಿದ್ರು, ಈಗ ಸೋತ ಅಂತ ಅಟ್ತಾವ್ರೆ. ಅಷ್ಟು ವರ್ಸ ಜೀವ ತೇಯ್ದೋನು ಕಣ್ರಲಾ ಅವ್ನು. ನನ್ ಮಕ್ಳಿಗೆ ನಿಯತ್ತೇ ಇಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಚಂದ್ರಣ್ಣನ ಪಕ್ಕದಲ್ಲೇ ಸಾಹೇಬರು ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ನಿಧಾನವಾಗಿ ಬನ್ನು ಮುಗಿಸಿ ಹೇಳಿದರು:

"ಅವ್ರನ್ನ ಬೈಬೇಡಿ ಚಂದ್ರಣ್ಣ. ಅವ್ರು ಆ ಚಳೀಲಿ ಹೋಗಿ ನಿಂತವ್ರೆ. ನಿಂತೋರಿಗೆ ಬೈಯೋ ಹಕ್ಕು ಐತೆ. ನಾವು ಇಲ್ಲಿ ಟೀ ಕುಡ್ಕೊಂಡು ನಿಯತ್ತು ತೋರ್ಸೋಕೆ ನಮ್ಗೇನ್ ಕಷ್ಟ ಹೇಳಿ? ಬೈಯೋರು ಬತ್ತಾ ಇರೋ ತಂಕ ನಿಮ್ ದೊಡ್ಡಪ್ಪನಿಗೆ ಏನೂ ಆಗಲ್ಲ."

"ನೀವೊಬ್ರು" ಎಂದು ಚಂದ್ರಣ್ಣ ಗೊಣಗಿ ಸಾಹೇಬರಿಗೆ ಇನ್ನೊಂದು ಬನ್ನು ಹೇಳಿದರು.

ಆದರೆ ಟಿ.ವಿ. ಯಾರ ಮಾತನ್ನೂ ಕೇಳುವುದಿಲ್ಲವಲ್ಲ. ಅಲ್ಲಿ ನಡುಮಧ್ಯಾಹ್ನಕ್ಕೇ ಶುರುವಾಗುವ ಆಟಗಳೂ ಬರತೊಡಗಿದವು, ಅವು ನಮಗೆ ಸಂಜೆಗೆ, ಸರಿಯಾಗಿ ನಾವು ಆಡುವ ಹೊತ್ತಿಗೆ. ಹನಗೋಡಿನ ಬಸ್ಸು ಇಳಿದ ಚಂದ್ರಣ್ಣ, ಒಂದಿಷ್ಟು ನೋಡಿಕೊಂಡು ಹೋಗೋಣವೆಂದು ಹೋಟೆಲಿಗೆ ನುಗ್ಗುವರು, ಅಲ್ಲಿಂದ ಏಳಲು ಮನಸ್ಸು ಬರುತ್ತಿರಲಿಲ್ಲ. ಅವರಿಗೇನೂ ಸಾಹೇಬರ ಮೇಲೆ ಮುನಿಸಿರಲಿಲ್ಲ. ಹೋಟೆಲಿನಲ್ಲಿ ಮಳೆ ಇಲ್ಲ, ಕೆಸರಿಲ್ಲ, ದೊಡ್ಡಪ್ಪ ಸೋತರೂ ಅದು ಮೈಗೆ ತಾಗುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಆದರು. ಗೆರೆಯ ಪಕ್ಕದಲ್ಲಿ ಕೊಡೆಗಳು ಕಡಿಮೆಯಾಗುತ್ತ ಬಂದವು. ಮೊದಮೊದಲು ನನಗೆ ಹಾಯೆನಿಸಿತು, ಗೂಟದ ಮಾತು ಕೇಳುವುದು ತಪ್ಪಿತಲ್ಲ ಎಂದು. ಆಮೇಲೆ ಏನೋ ಬೇಜಾರು ಹತ್ತಿಕೊಂಡಿತು. ತಪ್ಪು ಮಾಡಿ ಆಚೆ ನೋಡಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಎರಡು ಸಾವಿರದ ಆಚೀಚೆ ಇರಬೇಕು, ಸರಗೂರಿನ ತಂಡ ನಮ್ಮಲ್ಲಿಗೆ ಆಡಲು ಬಂದಿತ್ತು. ಅರ್ಧ ಆಟ ಮುಗಿಯಿತು. ಸಾಹೇಬರು ಎಂದಿನಂತೆ ಜನಕ್ಕೂ ಸೇರಿಸಿಯೇ ನಿಂಬೆಹಣ್ಣು ಹೆಚ್ಚಿ ತಂದಿದ್ದರು. ನಾವು ನಮ್ಮ ಪಾಲು ತೆಗೆದುಕೊಂಡೆವು. ತಟ್ಟೆ ಹಿಡಿದು ಸಾಹೇಬರು ರಸ್ತೆಯ ಕಡೆ ನೋಡುತ್ತ ನಿಂತರು. ಯಾರೂ ಒಳಗೆ ಬರಲಿಲ್ಲ, ಬರಲು ಆಚೆ ಯಾರೂ ಇರಲಿಲ್ಲ. ಕೊನೆಗೆ ಸರಗೂರಿನವರಿಗೇ ಕೊಟ್ಟರು. ಅವರು ಥ್ಯಾಂಕ್ಸ್ ಹೇಳಿ ಸುಮ್ಮನೆ ಚೀಪಿದರು.

ಇದರಲ್ಲಿ ತಮಾಷೆಯೇನು ಗೊತ್ತೇ? ಅವತ್ತು ನಾವು ಗೆದ್ದೆವು. ಎಷ್ಟೋ ಕಾಲದ ಮೇಲೆ, ಹೊಸ ಚೆಂಡಿನಲ್ಲಿ, ನೆಟ್ಟಗೆ ಆಡಿ ಗೆದ್ದೆವು. ನಾನು ಕೂಡ ಒಂದು ಚೆಂಡು ತಡೆದೆ. ಕುಣಿದು ಕುಪ್ಪಳಿಸಿ ನೋಡಿದರೆ ಸಾಹೇಬರು ಗಾಳಿ ಹೊಡೆಯುವ ಪಂಪನ್ನು ಚೀಲಕ್ಕೆ ತುಂಬಿ ಕ್ಯಾಪ್ಟನ್ ಕೈಗೆ ಕೊಡುತ್ತಿದ್ದರು.

"ಇನ್ಮೇಲೆ ನೀನೇ ನೋಡ್ಕೊಳಪ್ಪಾ."

"ಗೆದ್ವಲ್ಲ ಸಾಹೇಬ್ರೇ!" ಅಂದೆ ನಾನು.

"ಹೂಂ, ಗೆದ್ವಿ. ಯಾರ್ಗೆ ಹೇಳಾನ?" ಅಂದರು.

ತಂಡ ಒಂದೆರಡು ವರ್ಷ ಕುಂಟಿ ನಿಂತುಹೋಯಿತು. ನಿಂತ ಮೇಲೆ ಟೀ ಹೋಟೆಲಿನಲ್ಲಿ ಸಾಹೇಬರ ಗುಣಗಾನ ಶುರುವಾಯಿತು. ಎಂಥ ಮ್ಯಾನೇಜರು, ಎಂಥ ತಂತ್ರ! ನನಗೆ ಮೈಸೂರಿಗೆ ವರ್ಗವಾಯಿತು. ಅಲ್ಲಿಗೆ ಹೋದವನು ನಾನೂ ಅದನ್ನೇ ಹಾಡಿದೆ. ಕಚೇರಿಯಲ್ಲಿ ಯಾರು ಫುಟ್‌ಬಾಲ್ ಎಂದರೂ ನಮ್ಮ ಸಾಹೇಬರ ಕಥೆ ಹೇಳುವುದು, ಹೇಳುತ್ತ ಹೇಳುತ್ತ ಅವರನ್ನು ಇನ್ನಷ್ಟು ಎತ್ತರಕ್ಕೆ ಏರಿಸುವುದು. ದೂರದ ಬೆಟ್ಟ ನುಣ್ಣಗೆ. ಗಂಟೆ ಗಂಟೆಗೂ ಬಸ್ಸಿರುವ ಊರು ಹುಣಸೂರು, ನಾನು ಮಾತ್ರ ಸಮುದ್ರದಾಚೆ ಇರುವವನ ಹಾಗೆ ಇಲ್ಲಿಂದಲೇ ನಿಯತ್ತು ತೋರಿಸುತ್ತಿದ್ದೆ. ಎಷ್ಟೋ ಸಂಜೆ ಆ ಮೈದಾನ, ಆ ಬೈಗುಳ ನೆನಪಾಗಿ ಎದೆ ಹಿಂಡಿದ್ದುಂಟು. ಹಿಂಡಿದರೂ ಎದ್ದು ಹೋಗಿದ್ದಿಲ್ಲ.

ಮೊನ್ನೆ ಮಾತ್ರ ಹೊಸ ಸೀಟಿನ ಮೇಲೆ ಕೂತವನು ಮನೆಯ ಕಡೆ ತಿರುಗದೆ ಹುಣಸೂರಿನ ದಾರಿ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡೆ.

ಅಂಗಡಿ ಅಲ್ಲೇ ಇದೆ, ಮಗ ದೊಡ್ಡದು ಮಾಡಿದ್ದಾನೆ. ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿದೆ, ದಪ್ಪ ಕನ್ನಡಕ ಬಂದಿದೆ. ನಾನು ಕೈಮುಗಿದೆ. ಅವರೂ ಮುಗಿದು, "ಕುಂತ್ಕಳಿ ಸಾರ್, ಮಗ ಊಟಕ್ಕೆ ಹೋಗವ್ನೆ, ಬತ್ತಾನೆ" ಅಂದರು. ಗುರುತು ಹತ್ತಲಿಲ್ಲ. ನಿಮ್ಮ ತಂಡದಲ್ಲಿ ಆಡುತ್ತಿದ್ದೆ, ಮೈಸೂರಿನಿಂದ ಬಂದೆ ಎಂದೆ. "ಓ, ಬೋ ಸಂತೋಷ" ಅಂದರು. ಜೀಪಿನ ಸೀಟು ಹೊಲಿಸಲು ಬಂದು ಕಾಯುತ್ತಿದ್ದ ಒಬ್ಬರು ನನ್ನ ಕಡೆ ತಿರುಗಿ, "ಇವ್ರಂಥ ಮ್ಯಾನೇಜರ್ ಈ ಸೀಮೇಲೇ ಇರ್ಲಿಲ್ಲ ಸಾರ್" ಅಂದರು. ಸಾಹೇಬರು ದಿನಾ ಕೇಳುವ ಮಾತಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿ ರಸ್ತೆ ನೋಡತೊಡಗಿದರು. ನಾನು ಜೋಡಿಸಿಕೊಂಡು ಬಂದಿದ್ದೂ ಅದೇ ಮಾತು. ಆ ತಲೆಯಾಟ ನೋಡಿ ಅದನ್ನು ಅಲ್ಲೇ ಕೈಬಿಟ್ಟೆ.

"ಏನ್ ಇರ್ಲಿಲ್ಲ!" ಎಂದು ಎದ್ದು ನಿಂತೆ. ನನ್ನ ದನಿ ನನಗೇ ಹೊಸದಾಗಿತ್ತು. "ಕೆ.ಆರ್. ನಗರದ ಫೈನಲ್ಲಲ್ಲಿ ಕೀಪರ್ ಕಾಲು ಉಳುಕಿ ಕುಂಟ್ತಾ ಇದ್ದ. ಇನ್ನೊಬ್ಬ ಕೀಪರ್ ಆಚೆ ಕೂತಿದ್ದ. ಬದಲಾಯಿಸ್ದೆ ಕಲ್ಲಿನ ಥರ ನಿಂತಿದ್ರಲ್ಲ, ಬುದ್ಧಿ ಎಲ್ಲಿ ಮಡಗಿದ್ರಿ ಸಾಹೇಬ್ರೇ?"

ಜೀಪಿನವರು ಗಾಬರಿಯಾಗಿ ನನ್ನ ತೋಳು ಹಿಡಿದರು. ಸಾಹೇಬರು ಕನ್ನಡಕ ತೆಗೆದರು. ಕುರ್ಚಿಯ ಎರಡೂ ಕೈ ಊರಿ, ಮೆಲ್ಲಗೆ ಮೇಲೆದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಕೀಪರ್ ಕಾಲಿಗೆ ಏನಾಗಿತ್ತೋ? ನಿನ್ನಂಥೋನ್ನ ಮುಂದೆ ನಿಲ್ಸ್ಕೊಂಡ್ರೆ ಯಾವ ಕೀಪರ್ ತಾನೇ ಏನ್ ಮಾಡಾನು? ಎಡಗಡೆ ಹೆಬ್ಬಾಗ್ಲು ತೆಗೆದಿಟ್ಟು ನಿಂತಿದ್ಯಲ್ಲೋ ಟೈಪಿಸ್ಟು!"

ಆಮೇಲೆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಕೂಗಾಡಿದೆವು. ಬೀದಿಯವರು ಬಂದು ನಿಂತರು. ಊಟ ಮುಗಿಸಿ ಬಂದ ಮಗ ಹೆದರಿ ಓಡಿಬಂದು, "ಏನಾಯ್ತು ಅಬ್ಬಾಜಾನ್, ಯಾರಿವ್ರು?" ಎಂದು ಕೇಳಿದ.

"ಟೀ ಹೇಳು ಬೇಟಾ" ಅಂದರು ಸಾಹೇಬರು, ಏದುಸಿರು ಬಿಡುತ್ತ. "ನಮ್ಮೂರೋನು ಬಂದವ್ನೆ."