ಹೆಡ್‌ಕ್ಲಾರ್ಕರು ಬದಲಿಸಿದ ವಿಳಾಸ

ಹೋದ ತಿಂಗಳು ನಮ್ಮ ಹೊಸಪೇಟೆ ಆಫೀಸಿಗೆ ಹೊಸ ಪ್ರಿಂಟರು ಬಂತು. ಜೋಡಿಸಲು ಬಂದವನು ಮೊದಲ ಹಾಳೆ ತೆಗೆದು ನನ್ನ ಕೈಗೆ ಕೊಟ್ಟ. ಬಿಸಿ ಹಾಳೆ, ಸುಟ್ಟ ಶಾಯಿಪುಡಿಯ ವಾಸನೆ... ನಾನು ಕುರ್ಚಿ ಹಿಡಿದುಕೊಂಡೆ. “ಯಾಕ್ರಿ ಮೇಡಂ, ಆರಾಮಿಲ್ಲೇನ್ರಿ?” ಎಂದು ಕೇಳಿದ. ಏನಿಲ್ಲ ಎಂದೆ. ಆ ವಾಸನೆ ಬಂದಾಗಲೆಲ್ಲ ನನಗೆ ರಕ್ತದ ವಾಸನೆಯೂ ಬರುತ್ತದೆ. ಅದನ್ನು ಅವನಿಗೆ ಹೇಗೆ ಹೇಳುವುದು?

ಮದುವೆಗೆ ಮುಂಚೆ ನಾನು ಸಂಡೂರಿನ ಕಡೆ, ಯಶವಂತನಗರದಾಚೆಯ ಒಂದು ಗಣಿಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅದಿರು ತುಂಬಿದ ಲಾರಿ ತೂಕವಾದ ಮೇಲೆ ನಮ್ಮ ಕೋಣೆಯಿಂದ ಪರ್ಮಿಟ್ ಪಡೆದೇ ರಸ್ತೆಗಿಳಿಯಬೇಕಿತ್ತು. ನಂಬರು, ಮುದ್ರೆ ಮೊದಲೇ ಅಚ್ಚಾಗಿರುತ್ತಿದ್ದ ಹಾಳೆಗಳವು. ಅವನ್ನು ಬೀರುವಿನಿಂದ ತೆಗೆದು ಪ್ರಿಂಟರಿಗೆ ತುಂಬುವ ಅಧಿಕಾರ ನಮ್ಮ ಹೆಡ್‌ಕ್ಲಾರ್ಕರೊಬ್ಬರಿಗೇ ಇತ್ತು.

ಅವರು ಕಂಪ್ಲಿಯವರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ನಾನು ಸೇರಿದ ವಾರವೇ, ಕಿಟಕಿಯಿಂದ ಒಳಗೆ ಗುಟ್ಕಾ ಉಗುಳಿದ ಡ್ರೈವರನ ಕೆನ್ನೆಗೆ ಬಾರಿಸಿದ್ದರು. ಅವನು ಹೊರಗೆ ಹೋಗಿ ಅದಿರಿನ ಕಲ್ಲು ತೂರಿ ಗಾಜು ಒಡೆದ. ಆ ಜಾಗದಲ್ಲಿ ಇದೆಲ್ಲ ಮಾಮೂಲು. ಸಾಲು ತಪ್ಪಿಸಿ ನುಗ್ಗಿದವನೊಬ್ಬನ ತಲೆಯನ್ನು ಇನ್ನೊಬ್ಬ ಜಾಕ್ ರಾಡಿನಿಂದ ಒಡೆದದ್ದನ್ನು ನಾನು ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನೋಡಿದ್ದೆ.

ಹೆಡ್‌ಕ್ಲಾರ್ಕರು ನನ್ನ ಮೇಲೂ ರೇಗುತ್ತಿದ್ದರು. “ಕಣ್ಣು ಎಲ್ಲಿಟ್ಟೀಯವ್ವ? ಗಾಡಿ ನಂಬರ್ ತಪ್ಪೈತಿ ನೋಡು.” ಆದರೆ ಕಂಪನಿ ಬಸ್ಸು ಕೆಟ್ಟ ದಿನ ಸ್ಕೂಟರಿನಲ್ಲಿ ಸಂಡೂರಿನವರೆಗೂ ಬಿಟ್ಟು, ಹೊಸಪೇಟೆ ಬಸ್ಸು ಹೊರಡುವ ತನಕ ಬಿಸಿಲಲ್ಲೇ ನಿಂತಿದ್ದರು.

ಒಮ್ಮೆ ಪರ್ಮಿಟ್ ಹಾಳೆಗಳು ಲೆಕ್ಕಕ್ಕೆ ಕಡಿಮೆ ಬೀಳತೊಡಗಿದವು. ಮೊದಲು ನನ್ನನ್ನೇ ಅನುಮಾನಿಸಿದರು. ನಾನು ಅತ್ತುಬಿಟ್ಟೆ. ಮರುದಿನ ಮಧ್ಯಾಹ್ನ ಊಟಕ್ಕೆ ಹೋಗದೆ ನನ್ನನ್ನೂ ಕೂರಿಸಿಕೊಂಡು ಪ್ರಿಂಟರಿನ ಪಕ್ಕ ಕುಳಿತರು. ನನ್ನ ಕಂಪ್ಯೂಟರ್ ಆರಿತ್ತು. ಆದರೂ ಪ್ರಿಂಟರು ತಾನಾಗಿ ಗುರುಗುಟ್ಟಿ ನಾಲ್ಕು ಪರ್ಮಿಟ್ ಉಗುಳಿತು. ತೂಕಕ್ಕೇ ಬಾರದ ಲಾರಿಗಳ ನಂಬರು! ಸ್ವಲ್ಪ ಹೊತ್ತಿಗೆ ಆ ಹಾಳೆ ಒಯ್ಯಲು ಲಾರಿ ಗುತ್ತಿಗೆದಾರನ ಆಳೊಬ್ಬ ಬಾಗಿಲಲ್ಲಿ ಇಣುಕಿ, ಅವರನ್ನು ಕಂಡು ಹಿಂದೆ ಸರಿದ.

ಪ್ರಿಂಟರು ಕೂರಿಸಿದವನಿಗೆ ಫೋನ್ ಮಾಡಿ ಕೇಳಿದರು. ಪ್ರಿಂಟರಿಗೂ ಮನೆಯ ಹಾಗೆ ಒಂದು ವಿಳಾಸ ಇರುತ್ತದೆ, ಅಂಕಿಗಳಲ್ಲಿ. ಅದು ಗೊತ್ತಿದ್ದವರು ಅದೇ ನೆಟ್‌ವರ್ಕಿನ ಯಾವ ಕೋಣೆಯಲ್ಲಿ ಕೂತರೂ ಈ ಪ್ರಿಂಟರಿನಲ್ಲಿ ಹಾಳೆ ತೆಗೆಯಬಹುದು ಎಂದನಂತೆ. ಗುಡ್ಡದ ಮೇಲಿದ್ದ ಗಣಿಯ ಇನ್ನೊಂದು ಆಫೀಸಿನಿಂದ ಯಾರೋ ತೆಗೆಯುತ್ತಿದ್ದರು. ಹೆಡ್‌ಕ್ಲಾರ್ಕರು ಕನ್ನಡಕ ಏರಿಸಿ, ಎರಡು ಸಲ ತಪ್ಪು ಗುಂಡಿ ಒತ್ತಿ, ಮೂರನೆಯ ಸಲ ಆ ವಿಳಾಸವನ್ನೇ ಬದಲಿಸಿದರು. ಪಾಸ್‌ವರ್ಡ್ ಹಾಕಿದರು. ಆಮೇಲೆ ನನ್ನನ್ನು ಕರೆದರು.

“ಹೊಸ ವಿಳಾಸದ ಕೊನಿಗೆ ನೂರಾ ಹದಿನೇಳು. ನಾ ಇಲ್ಲದಾಗ ನಿನಗ ಬೇಕಾಗ್ತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ.”

ಪಾಸ್‌ವರ್ಡನ್ನೂ ಹೇಳಿದರು. ಹಿಂದಿನ ದಿನ ಅನುಮಾನಿಸಿದ್ದಕ್ಕೆ ಅದೇ ಅವರ ಕ್ಷಮಾಪಣೆ ಎಂದು ನನಗೆ ಅರ್ಥವಾಯಿತು.

ಮೂರನೆಯ ದಿನ ಮಟಮಟ ಮಧ್ಯಾಹ್ನ ಮೂವರು ಬಂದರು. ಅಂದು ಇಣುಕಿದವನೇ ಮುಂದಿದ್ದ. ಬಾಗಿಲ ಚಿಲಕ ಹಾಕಿ ಮೆತ್ತಗೆ ಮಾತಾಡಿದ.

“ಪ್ರಿಂಟರ್ ನಂಬರ್ ಹೇಳ್ರಿ ಸಾಹೇಬ್ರ. ಮ್ಯಾಲೆ ಗಾಡಿ ನಿಂತಾವ.”

“ತೂಕಕ್ಕ ಬರ್ಲಿ. ನಾನ ಹಾಳಿ ಕೊಡ್ತೀನಿ.”

ಮೊದಲ ಏಟಿಗೆ ಕನ್ನಡಕ ಹಾರಿತು. ಹೆಡ್‌ಕ್ಲಾರ್ಕರು ಸುಮ್ಮನೆ ಏಟು ತಿನ್ನುವವರಲ್ಲ. ಒಬ್ಬನ ಮೂಗಿಗೆ ಗುದ್ದಿದರು, ಇನ್ನೊಬ್ಬನ ತೋಳು ಕಚ್ಚಿ ಹಿಡಿದರು. ಆಗ ಮುಂದಿದ್ದವನು ಪ್ರಿಂಟರಿನ ಹಾಳೆಯ ಟ್ರೇ ಕಿತ್ತು ಅದರ ಅಂಚಿನಿಂದ ಅವರ ಎಡಕಿವಿಯ ಮೇಲೆ ಹೊಡೆದ. ಹಾಳೆಗಳು ಕೋಣೆ ತುಂಬ ಹಾರಿದವು. ಬಿದ್ದವರನ್ನು ಮೂವರೂ ಸೇರಿ ಎಳೆದು, ಬಲಗೈಯನ್ನು ಕಬ್ಬಿಣದ ಬೀರುವಿನ ಸಂದಿಗಿಟ್ಟು ಬಾಗಿಲು ಬಡಿದರು. ಎಲುಬು ಮುರಿದ ಸದ್ದು... ಹಸಿ ಕಡ್ಡಿ ಮುರಿದಂತಿತ್ತು. ಹೆಡ್‌ಕ್ಲಾರ್ಕರು ಅವ್ವಾ ಎಂದರೇ ಹೊರತು ನಂಬರು ಹೇಳಲಿಲ್ಲ. ಎರಡನೆಯ ಸಲ ಬಡಿದಾಗ ಅವರ ಕಣ್ಣು ಮೇಲಾಗಿ, ಎಚ್ಚರ ತಪ್ಪಿ ತಲೆ ವಾಲಿತು. ಮೂರನೆಯ ಸಲ ಬಡಿಯಲು ಬೀರುವಿನ ಬಾಗಿಲು ತೆರೆದರು.

“ನೂರಾ ಹದಿನೇಳು,” ಎಂದೆ ನಾನು.

ನನ್ನನ್ನು ಯಾರೂ ಕೇಳಿರಲಿಲ್ಲ. ನಾನೊಬ್ಬಳು ಅಲ್ಲಿದ್ದೇನೆಂಬುದೂ ಆ ಮೂವರ ಲಕ್ಷ್ಯಕ್ಕೆ ಬಂದಿರಲಿಲ್ಲ. ಪಾಸ್‌ವರ್ಡನ್ನೂ ಹೇಳಿದೆ. ಹೊಡೆತ ಅಲ್ಲಿಗೇ ನಿಂತಿತು. ಮುಂದಿದ್ದವನು ಟ್ರೇಯನ್ನು ಅಂಗಿಯಿಂದ ಒರೆಸಿ, ಹಾಳೆ ಆರಿಸಿ ತುಂಬಿ, ಮೇಲಿನವರಿಗೆ ಫೋನ್ ಮಾಡಿದ. ಪರ್ಮಿಟ್‌ಗಳು ಒಂದೊಂದಾಗಿ ಬಿಸಿಬಿಸಿಯಾಗಿ ಹೊರಬಂದವು. ರಕ್ತ ಹತ್ತಿದ ಎರಡನ್ನು ಹರಿದುಹಾಕಿ, ಮತ್ತೆರಡು ಕಳಿಸಲು ಹೇಳಿದ.

ಹೆಡ್‌ಕ್ಲಾರ್ಕರು ಮೆಟ್ಟಿಲಿನಿಂದ ಜಾರಿ ಬಿದ್ದರೆಂದು ಬರೆದ ಕಾಗದಕ್ಕೆ ನಾವೆಲ್ಲ ಸಹಿ ಹಾಕಿದೆವು. ನಾನೂ ಹಾಕಿದೆ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಅವರ ಎರಡು ಬೆರಳು ತೆಗೆದರು. ಎಡಕಿವಿ ಹೋಯಿತು. ನೋಡಲು ಹೋದಾಗ ಬಲಕಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು. “ನಂಬರ್ ಯಾರ್ ಹೇಳಿದ್ರು?”

“ಗೊತ್ತಿಲ್ರಿ ಸಾರ್. ಅವರೇ ಹುಡುಕಿರಬೇಕು.”

“ನೀ ಹೇಳಾಕಿ ಅಲ್ಲ ಬಿಡು,” ಎಂದು ಕಣ್ಣು ಮುಚ್ಚಿದರು.

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ತಿಂಗಳೊಳಗೆ ನಾನೂ ಬಿಟ್ಟೆ. ಕಂಪ್ಲಿ ಎಷ್ಟು ದೂರ? ನಡುವೆ ಎಷ್ಟೋ ಸಲ ಹೋಗಬಹುದಿತ್ತು... ಹೋಗಲಿಲ್ಲ.

ಹೊಸ ಪ್ರಿಂಟರು ಬಂದ ದಿನ ಸಂಜೆ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ಹೆಡ್‌ಕ್ಲಾರ್ಕರು ತೀರಿಕೊಂಡು ವರ್ಷವಾಗಿತ್ತು. ಆ ಭಾನುವಾರವೇ ಕಂಪ್ಲಿಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಯಾರೆಂದು ಹೇಳಿದೊಡನೆ ಮುಖ ಅರಳಿತು.

“ಆ ಹುಡುಗಿ ನೀವ ಏನ್ರಿ? ಅಷ್ಟು ಹೊಡೆದಾಟದಾಗೂ ಆಕಿ ಬಾಯಿ ಬಿಡ್ಲಿಲ್ಲ ಅಂತ ಬಂದೋರ ಮುಂದೆಲ್ಲ ಹೇಳ್ತಿದ್ರು.”

ಅವರು ಕೊಟ್ಟ ನೀರಿನ ಲೋಟ ಕೆಳಗಿಟ್ಟೆ. “ನಾನ ಹೇಳಿದ್ದು ರೀ,” ಎಂದೆ. “ನಂಬರು ನಾನ ಹೇಳಿದ್ದು.”

ಆಕೆಯ ಕೈ ಮೊರದಲ್ಲಿ ನಿಂತಿತು.

“ಅವರು ಇದ್ದಾಗ ಬರಬೇಕಿತ್ತವ್ವ,” ಎಂದರು. “ಭಾಳ ಬೈತಿದ್ರು. ಬೈದು, ಆಮ್ಯಾಲೆ ಉಣ್ಣಾಕ ಕುಂದ್ರು ಅಂತಿದ್ರು.”

ಆಕೆ ಬೈಯಲಿಲ್ಲ. ಊಟಕ್ಕೂ ಕರೆಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದೆ.