ಮುಳ್ಳು ನಿಲ್ಲಿಸಿದವಳು

ಇಂದಿರಾ ಬೆಂಗಳೂರಿನ ವಾಚ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಈಗ ಪರ್ತ್‌ನ ಥಾರ್ನ್ಲಿಯಲ್ಲಿ ಡಾಕ್ಟರ್ ಮಗಳು ಅಪರ್ಣಾಳ ಜೊತೆಗಿದ್ದಾಳೆ. ಇಂದಿರಾಳ ಬಾಯಲ್ಲಿ ಒಂದೇ ಕಥೆ. ಮೊದಲು ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿದ್ದಾಗಲೂ ಅದೇ, ಇಲ್ಲಿಗೆ ಬಂದ ಮೇಲೂ ಅದೇ. ಅಮ್ಮ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುತ್ತಾಳೆ ಎಂದು ಅಪರ್ಣಾ ಗೆಳತಿಯರ ಮುಂದೆ ನಗುತ್ತಿದ್ದಳು. ಅದು ಇಂದಿರಾಳ ಕಿವಿಗೂ ಬಿದ್ದಿತ್ತು.

ಕಥೆ ಇಷ್ಟೇ. ತೊಂಬತ್ತೈದರ ಸುಮಾರಿಗೆ ಆ ಕಾರ್ಖಾನೆಯವರು ಮುಳ್ಳಿನ ಕೈಗಡಿಯಾರಕ್ಕೆ ರೇಡಿಯೋ ಕೂರಿಸಲು ಹೊರಟಿದ್ದರು. ಗಾಳಿಯಲ್ಲಿ ಬರುವ ಸಮಯದ ಸಂಕೇತ ಹಿಡಿದು ಮುಳ್ಳು ತಾನಾಗಿ ಸರಿಹೋಗಬೇಕು. ಮೇಜಿನ ಮೇಲೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಎಂಟು ತಿಂಗಳು ಒದ್ದಾಡಿದರೂ ವಾಚು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ದೊಡ್ಡ ಡಿಗ್ರಿಯವರೆಲ್ಲ ತಲೆ ಕೆರೆದುಕೊಂಡು ಕೂತರು. ವಾಚುಗಳನ್ನು ಪರೀಕ್ಷಿಸುವ ಲೈನಿನಲ್ಲಿ ಕೂರುತ್ತಿದ್ದ ಇಂದಿರಾ ಮಾತ್ರ ಒಂದನ್ನು ಗಮನಿಸಿದಳು. ಮೋಟಾರಿನ ತಂತಿ ಕಿತ್ತುಹೋಗಿ ಮುಳ್ಳು ನಿಂತುಹೋದ ವಾಚುಗಳು ಸಂಕೇತವನ್ನು ಸಲೀಸಾಗಿ ಹಿಡಿಯುತ್ತಿದ್ದವು. ಓಡುವ ವಾಚುಗಳಿಗೆ ತಮ್ಮ ಮೋಟಾರಿನ ಗಲಾಟೆಯಲ್ಲೇ ಏನೂ ಕೇಳುತ್ತಿರಲಿಲ್ಲ. ಅವಳು ಇಂಜಿನಿಯರ್ ಚಂದ್ರಮೌಳಿಯವರ ಕೋಣೆಗೆ ಹೋಗಿ, ಸಂಕೇತ ಹಿಡಿಯುವಷ್ಟು ಹೊತ್ತು ಮುಳ್ಳು ನಿಲ್ಲಿಸಿ ನೋಡಿ ಸಾರ್ ಎಂದಳು. ಅವರು ಹೂಂ ಎಂದರಷ್ಟೆ. ಹದಿನೈದು ದಿನಕ್ಕೆ ವಾಚು ದಾರಿಗೆ ಬಂತು. ವರದಿಯಲ್ಲಿ ಚಂದ್ರಮೌಳಿಯವರ ಹೆಸರೊಂದೇ ಇತ್ತು.

ಮುಂದೆ ಆ ಯೋಜನೆಯೇ ಮೂಲೆಗೆ ಬಿತ್ತು. ಬೇರೆ ಕಂಪನಿಯ ವಾಚಾದರೂ ತಂದು ಮಗಳಿಗೆ ತೋರಿಸೋಣವೆಂದರೆ, ಆಸ್ಟ್ರೇಲಿಯಾದಲ್ಲಿ ಅಂಥ ವಾಚಿಗೆ ಸಂಕೇತ ಕೊಡುವ ಕೇಂದ್ರವೇ ಇಲ್ಲ. ಅವಳ ಹಣೆಬರಹ ನೋಡಿ!

ಹೋದ ತಿಂಗಳು ಬ್ರಿಸ್ಬೇನ್‌ನ ಕನ್ನಡದವರು, ಅಲ್ಲೇ ಮಗನ ಮನೆಯಲ್ಲಿರುವ ಚಂದ್ರಮೌಳಿಯವರಿಗೆ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಸನ್ಮಾನ ಇಟ್ಟುಕೊಂಡರು. ಸುದ್ದಿ ಕೇಳಿದ್ದೇ ಇಂದಿರಾ ಹಟ ಹಿಡಿದಳು. ಅವರ ಬಾಯಿಂದಲೇ ಮಗಳು ಒಂದು ಸಲ ಕೇಳಿಬಿಡಲಿ, ಇನ್ನೇನೂ ಬೇಡ. ಅಪರ್ಣಾ ಎರಡು ದಿನ ರಜೆ ಹಾಕಿ ಕರೆದುಕೊಂಡು ಹೋದಳು.

ವೇದಿಕೆಯ ಮೇಲೆ ಆ ಹಿರಿಯರು ಅದೇ ಕಥೆ ಹೇಳಿದರು. ಮುಳ್ಳು ನಿಲ್ಲಿಸುವ ಉಪಾಯ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ತಮಗೆ ಹೊಳೆಯಿತಂತೆ. ಎಲಾ ಮಹರಾಯ, ಅದೆಂಥ ಸ್ನಾನವೋ! ಸಭೆ ಚಪ್ಪಾಳೆ ತಟ್ಟಿತು. ಇಂದಿರಾ ಮಾತ್ರ ಕೈ ತಟ್ಟಲಿಲ್ಲ.

ಊಟದ ಹೊತ್ತಿಗೆ ಅವಳು ಮಗಳ ಕೈ ಹಿಡಿದುಕೊಂಡೇ ಹೋಗಿ ಅವರೆದುರು ನಿಂತಳು. ಚಂದ್ರಮೌಳಿ ತಕ್ಷಣ ಗುರುತು ಹಿಡಿದರು. ಮುಖ ಅರಳಿತು. ಸುತ್ತ ಇದ್ದವರನ್ನೆಲ್ಲ ಹತ್ತಿರ ಕರೆದರು.

"ನಮ್ಮ ಇಂದಿರಾ ಇವರು. ನನ್ನ ರೂಮಿಗೆ ಕಾಫಿ ತಂದ್ಕೊಡ್ತಿದ್ರು. ತುಂಬಾ ಒಳ್ಳೆ ಹೆಂಗಸು."

ಆ ಕಣ್ಣಲ್ಲಿ ಅಳುಕಿರಲಿಲ್ಲ, ಕಪಟವೂ ಇರಲಿಲ್ಲ. ನಿಜವಾಗಿಯೂ ಮರೆತುಬಿಟ್ಟಿದ್ದರು. ಕಳ್ಳನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇವರನ್ನು ಏನೆಂದು ಕೇಳುವುದು? ಇಂದಿರಾ ಕೈ ಮುಗಿದು ಹೊರಟಳು.

ಕಾರಿನಲ್ಲಿ ಅಪರ್ಣಾ ಅವಳ ಕೈ ಸವರಿದಳು. "ಅದ್ರಲ್ಲಿ ನಾಚ್ಕೆ ಏನಮ್ಮ? ಅದೂ ಕೆಲ್ಸಾನೇ ಅಲ್ವಾ."

"ಒಂದೇ ಒಂದು ದಿನ ಕಣೇ ನಾನು ಕಾಫಿ ತಗೊಂಡ್ಹೋಗಿದ್ದು," ಎಂದಳು ಇಂದಿರಾ. "ಲೈನಿನ ಹೆಂಗಸರನ್ನ ಆ ರೂಮಿಗೆ ಬಿಡ್ತಾನೇ ಇರ್ಲಿಲ್ಲ. ಮುಳ್ಳಿನ ವಿಷ್ಯ ಹೇಳ್ಬೇಕಿತ್ತಲ್ಲ, ಅದಕ್ಕೇ ಪ್ಯೂನ್ ಕೈಯಿಂದ ಟ್ರೇ ಇಸ್ಕೊಂಡು ಒಳಗೆ ಹೋದೆ."

ಅಪರ್ಣಾ ತಲೆಯಾಡಿಸಿದಳು. "ಓಕೆ ಅಮ್ಮ," ಎಂದಳು. ಮನೆಗೆ ಯಾವಾಗ ಕಳಿಸುತ್ತೀರಿ ಎಂದು ದಿನವೂ ಕೇಳುವ ವಯಸ್ಸಾದ ರೋಗಿಗಳಿಗೆ ವಾರ್ಡಿನಲ್ಲಿ ಅವಳು ಅಷ್ಟೇ ಮೃದುವಾಗಿ ಓಕೆ ಅನ್ನುತ್ತಾಳೆ.